ಬೇರೆ ಅಂಚಿನ ಪಂಚೆ

ಗಂಡನನ್ನು ಅನುಮಾನಿಸುವ ಕೆಲಸವನ್ನು ಇಂದ್ರಮ್ಮನಷ್ಟು ಶ್ರದ್ಧೆಯಿಂದ ಮಾಡಿದವಳು ತೊಣ್ಣೂರು ಕೆರೆಯ ಕೆಳಗಿನ ಊರುಗಳಲ್ಲಿ ಇನ್ನೊಬ್ಬಳಿಲ್ಲ. ಮದುವೆಯಾಗಿ ಹದಿನೆಂಟು ವರ್ಷವಾಗಿತ್ತು. ಅಷ್ಟು ವರ್ಷದಲ್ಲಿ ಸಿದ್ದರಾಮು ಮಾಡಿದ ತಪ್ಪೆಂದರೆ ನೋಡಲು ಲಕ್ಷಣವಾಗಿದ್ದದ್ದು, ಎದುರಿಗೆ ಸಿಕ್ಕಿದವರ ಜೊತೆಯೆಲ್ಲ ನಗುನಗುತ್ತಾ ಮಾತಾಡುತ್ತಿದ್ದದ್ದು. ನಾಟಿಗೆ ಬಂದ ಹೆಂಗಸರ ಜೊತೆ ಎರಡು ಮಾತು ಹೆಚ್ಚಿಗೆ ಆಡಿದನೆಂದರೆ ಅವತ್ತು ಸಾರಿಗೆ ಉಪ್ಪು ಬೀಳುತ್ತಿರಲಿಲ್ಲ. ಅವನೂ ಸುಮ್ಮನಿರುವ ಪೈಕಿಯಲ್ಲ. "ನಿನ್ನ ಕಾಯಕ್ಕೇ ಒತ್ತು ಸಾಲ್ದು, ಇನ್ನೊಬ್ಬಳ್ನ ಎಲ್ಲೇ ನೋಡಾನ?" ಎಂದು ರೇಗಿಸುತ್ತಿದ್ದ. ಒಂದಕ್ಕೆ ಎರಡು ಮಾತು ಕೊಡುತ್ತಿದ್ದ. ಜಗಳ ಮುಗಿದು ಇಬ್ಬರೂ ಒಂದೇ ತಟ್ಟೆಯ ಮುದ್ದೆ ಮುರಿಯುತ್ತಿದ್ದರು. ಮಕ್ಕಳಾಗಿರಲಿಲ್ಲ. ಈ ಲೋಕದಲ್ಲಿ ತನ್ನದು ಅಂತ ಅವಳಿಗೆ ಇದ್ದದ್ದು ಅವನೊಬ್ಬನೇ, ಅದಕ್ಕೇ ಅವಳಿಗೆ ಅಷ್ಟು ಕಾವಲು.

ತೊಂಬತ್ತಾರನೇ ಇಸವಿ, ಸಂಕ್ರಾಂತಿ ಕಳೆದ ಮೂರನೇ ದಿನ ಸಿದ್ದರಾಮು ಕಬ್ಬಿನ ಲೋಡಿನ ಮೇಲಿಂದ ಬಿದ್ದ. ಟ್ರೈಲರಿಗೆ ಕಬ್ಬು ತುಂಬಿ, ಮೇಲೆ ನಿಂತು ಹಗ್ಗ ಬಿಗಿಯುತ್ತಿದ್ದಾಗ ಹಗ್ಗ ಕಿತ್ತುಬಂತು. ತಲೆ ಮುಂದಾಗಿ ಗಟ್ಟಿ ನೆಲಕ್ಕೆ ಬಿದ್ದವನನ್ನು ಮೈಸೂರಿಗೆ ಸಾಗಿಸಿದರು. ಮೆದುಳಿನ ಸುತ್ತ ರಕ್ತ ಆಗಿದೆ ಎಂದರು, ಬದುಕಿದರೆ ಪುಣ್ಯ ಎಂದರು. ಇಪ್ಪತ್ತೆರಡು ದಿನ ಇಂದ್ರಮ್ಮ ಆಸ್ಪತ್ರೆಯ ವರಾಂಡದಲ್ಲಿ ಮಲಗಿದಳು. ಅವನು ಬದುಕಿದ. ಯುಗಾದಿಗೆ ವರ್ಷದ ಮೊದಲ ಉಳುಮೆಯ ಹೊನ್ನಾರು ಕಟ್ಟಿ ನಾಲ್ಕು ಸಾಲು ಉತ್ತು ಬರುವಷ್ಟು ಚೇತರಿಸಿಕೊಂಡ. ಗಾಯದ ಗುರುತು ಕೂದಲಲ್ಲಿ ಮುಚ್ಚಿಹೋಯಿತು, ಆ ವಿಷಯ ಅಲ್ಲಿಗೆ ಮುಗಿಯಿತು ಎಂದು ಇಂದ್ರಮ್ಮ ತಿಳಿದಳು. ಅವಳೇನು, ಊರೆಲ್ಲ ಹಾಗೇ ತಿಳಿಯಿತು.

ಆಷಾಢ ಹುಟ್ಟಿದ ಮೇಲೆ ಹೊಸ ಕಥೆ ಶುರುವಾಯಿತು. ಊರ ಹಾಲಿನ ಡೈರಿಗೆ ಬೆಳಿಗ್ಗೆ ಸಂಜೆ ಹಾಲು ಹಾಕಿ ಬರುವುದು ಸಿದ್ದರಾಮುವಿನ ಕೆಲಸ. ಮನೆಯಿಂದ ಡೈರಿಗೆ ಎಂಟು ಮನೆ ದಾಟಬೇಕು, ಅಷ್ಟೇ. ಕಾಲು ಗಂಟೆಯಲ್ಲಿ ಖಾಲಿ ಕ್ಯಾನು ಆಡಿಸಿಕೊಂಡು ಬರುತ್ತಿದ್ದವನು ಮುಕ್ಕಾಲು ಗಂಟೆ ಮಾಡತೊಡಗಿದ. ಡೈರಿಯಲ್ಲಿ ಹಾಲು ಅಳೆದು, ಡಿಗ್ರಿ ನೋಡಿ ಬರೆದುಕೊಳ್ಳುವವಳು ಕುಳ್ಳಮ್ಮನ ಮಗಳು ಉಮ. ಕೆ.ಆರ್. ಪೇಟೆ ಕಡೆಗೆ ಕೊಟ್ಟಿದ್ದರು. ಬಾಳುವೆ ಕೂಡಿಬರದೆ ಎರಡೇ ವರ್ಷಕ್ಕೆ ತವರಿಗೆ ಬಂದಿದ್ದಳು. ಇನ್ನೂ ಮೂವತ್ತಾಗಿರಲಿಲ್ಲ, ಎಸ್ಸೆಸ್ಸೆಲ್ಸಿ ಓದಿದ್ದಳು, ದಿನಾ ತಲೆಗೆ ಹೂ ಮುಡಿಯುತ್ತಿದ್ದಳು. ಇಂದ್ರಮ್ಮನಿಗೆ ಇಷ್ಟು ಸಾಕಿತ್ತು.

ಅವಳು ಜಗುಲಿಯ ಕಂಬಕ್ಕೆ ಒರಗಿ ಕಾಯತೊಡಗಿದಳು. ಡೈರಿಯಿಂದ ಹೊರಟ ಗಂಡ ಮನೆಗೆ ಬರಲು ಮನಸ್ಸೇ ಇಲ್ಲದವನ ಹಾಗೆ ಬರುತ್ತಿದ್ದ. ಕಾಲು ಅಗಲಿಸಿಕೊಂಡು, ಗಿಡ್ಡ ಗಿಡ್ಡ ಹೆಜ್ಜೆ ಇಟ್ಟು, ಚಪ್ಪಲಿಯನ್ನು ನೆಲದಿಂದ ಎತ್ತದೆ ಎಳೆದುಕೊಂಡು. ಅವನು ಹೋಗುವಾಗಲೂ ಹೀಗೇ ಹೋಗುತ್ತಿದ್ದಾನೆ ಎಂಬುದು ಅವಳ ಕಣ್ಣಿಗೆ ಬೀಳಲಿಲ್ಲ, ಯಾಕೆಂದರೆ ಆಗ ಅವಳು ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು.

"ಎಲ್ಲಿದ್ದೆ ಇಷ್ಟೊತ್ತು?"

"ಡೈರಿ ತಾವ."

"ಡೈರೀಲೇನು ಹಸ ಕರೀತಿದ್ಯಾ?"

ಹಿಂದಿನ ಸಿದ್ದರಾಮು ಆಗಿದ್ದರೆ ಇದಕ್ಕೆ ಒಳ್ಳೆಯ ಉತ್ತರ ಕೊಡುತ್ತಿದ್ದ. ಈಗ ಅವಳ ಮುಖವನ್ನೇ ನೋಡಿ, ಏನು ಕೇಳಿದಳು ಎಂಬುದು ಮರೆತವನಂತೆ ಸುಮ್ಮನೆ ಕೂತುಬಿಟ್ಟ. ಬೈದರೂ ಅಷ್ಟೇ, ಅತ್ತರೂ ಅಷ್ಟೇ. ತಪ್ಪು ಮಾಡಿದವನಿಗೆ ಬಾಯಿ ಎಲ್ಲಿಂದ ಬರಬೇಕು ಎಂದು ಇಂದ್ರಮ್ಮ ಅಂದುಕೊಂಡಳು. ಒಂದು ದಿನ ಊಟದ ನಡುವೆ "ಉಮ, ವಸಿ ನೀರು ಕೊಡವ್ವ" ಎಂದ. ಇಂದ್ರಮ್ಮನ ಕೈಯಲ್ಲಿದ್ದ ಸಾರಿನ ಸೌಟು ಅಲ್ಲೇ ನಿಂತಿತು. ಅವಳು ನೀರು ಕೊಡಲಿಲ್ಲ. ಎರಡು ದಿನ ಮಾತೂ ಆಡಲಿಲ್ಲ. ಅವಳು ಮಾತು ಬಿಟ್ಟಿರುವುದೇ ಅವನಿಗೆ ಗೊತ್ತಾಗಲಿಲ್ಲ, ಅದು ಇನ್ನೂ ಉರಿಸಿತು.

ಶ್ರಾವಣದ ಎರಡನೇ ಶುಕ್ರವಾರ ಅವನು ಬೇರೆ ಪಂಚೆ ಉಟ್ಟು ಬಂದ. ಹೋಗುವಾಗ ಕೆಂಪು ಅಂಚಿನದು ಉಟ್ಟಿದ್ದ, ಬರುವಾಗ ಹಸಿರು ಅಂಚು.

"ಇದ್ಯಾರ ಪಂಚೆ?"

ಅವನು ಬಗ್ಗಿ ನೋಡಿಕೊಂಡ. "ನಂದೇ" ಎಂದ. ಅಷ್ಟು ಹೇಳುವಾಗ ಕಣ್ಣು ತುಂಬಿಬಂದಿತ್ತು. ಮಾರನೆಯ ದಿನ ಕೆಂಪು ಅಂಚಿನ ಪಂಚೆ ಒಗೆದು ಮಡಿಸಿ, ಪೇಪರಿನಲ್ಲಿ ಸುತ್ತಿ ಅವನ ಕಂಕುಳಲ್ಲಿ ವಾಪಸು ಬಂತು. ಇಂದ್ರಮ್ಮ ಅದನ್ನು ಮೂಸಿ ನೋಡಿದಳು. ಅವರ ಮನೆಯದಲ್ಲದ ಸೋಪಿನ ವಾಸನೆ. ತನ್ನ ಗಂಡನ ಪಂಚೆಯನ್ನು ಇನ್ನೊಬ್ಬಳು ಕಲ್ಲಿಗೆ ಬಡಿದು ಒಗೆದಿದ್ದಾಳೆ! ಅವಳಿಗೆ ಅನ್ನ ಸೇರಲಿಲ್ಲ. ಗೌರಿ ಹಬ್ಬದ ಹಿಂದಿನ ದಿನ ಮತ್ತೆ ಹಾಗೇ ಆಯಿತು. ಪಿತೃಪಕ್ಷದಲ್ಲಿ ಎರಡು ಸಲ, ದಸರೆಯಲ್ಲಿ ಆಯುಧಪೂಜೆಯ ಸಂಜೆ ಇನ್ನೊಂದು ಸಲ. ಯಾವ ವಾರ, ಯಾವ ಹೊತ್ತು, ಯಾವ ಅಂಚು ಎಂಬುದೆಲ್ಲ ಅವಳಿಗೆ ಬಾಯಿಪಾಠ. ಒಂದು ದಿನ ಪಂಚಾಯ್ತಿಯಲ್ಲಿ ನಿಲ್ಲಿಸಿ ಕೇಳುವಾಗ ಬೇಕಾಗುತ್ತದೆ ಎಂದು ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದಳು.

ಪಕ್ಕದ ಮನೆ ಬೈರಮ್ಮನಿಗೆ ಈ ವಿಷಯ ತಾನಾಗಿಯೇ ತಿಳಿದಿತ್ತು. "ಅವ್ನ ಮಕ ನೋಡೇ. ದಿಕ್ಕೆಟ್ಟೋರಂಗೆ ಕುಂತಿರ್ತಾನೆ. ಇದು ಮದ್ದು ಕನೇ. ಕಾಪೀಲಿ ಆಕ್ಕೊಟ್ಟವ್ಳೆ ಆ ಮಾರಾಯ್ತಿ" ಎಂದಳು.

ಗಂಡಸನ್ನು ಒಲಿಸಿಕೊಳ್ಳಲು ಊಟದಲ್ಲೋ ಕಾಫಿಯಲ್ಲೋ ಸೇರಿಸಿ ಕೊಡುವ ಮದ್ದು ಹೊಟ್ಟೆಯಲ್ಲಿ ಕೂತು ಮನುಷ್ಯನನ್ನು ಕರಗಿಸುತ್ತದೆ ಎಂಬುದು ಆ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಅದನ್ನು ತೆಗೆಯುವವರೂ ಇದ್ದಾರೆ. ಬೈರಮ್ಮನ ಮಾತು ಕೇಳಿ ಇಂದ್ರಮ್ಮನಿಗೆ ಎಷ್ಟೋ ದಿನದ ಮೇಲೆ ಹಿತವಾಯಿತು. ಮದ್ದು ಎಂದಾದರೆ ಗಂಡನ ತಪ್ಪಿಲ್ಲ, ತಪ್ಪೆಲ್ಲ ಆ ಡೈರಿಯವಳದು. ಇಂದ್ರಮ್ಮ ಆ ವಾರವೇ ಅವನನ್ನು ಬಸ್ಸಿಗೆ ಹತ್ತಿಸಿಕೊಂಡು ನಾಗಮಂಗಲದ ಕಡೆಯ ಒಂದು ಹಳ್ಳಿಗೆ ಹೋದಳು. ಬಸ್ಸಿನ ಮೆಟ್ಟಿಲ ಮೇಲೆ ಅವನ ಕಾಲು ಏಳಲೇ ಇಲ್ಲ, ಕಂಡಕ್ಟರು ಹಿಂದಿನಿಂದ ತಳ್ಳಿ ಹತ್ತಿಸಿದ.

ಮದ್ದು ತೆಗೆಯುವ ದ್ಯಾವಯ್ಯ ಮಾತು ಕಡಿಮೆಯ ಮುದುಕ. ಸಿದ್ದರಾಮುವಿನ ಅಂಗೈಗೆ ಯಾವುದೋ ಸೊಪ್ಪಿನ ರಸ ಬಿಟ್ಟ. ಮದ್ದು ಇದ್ದರೆ ರಸ ಗಟ್ಟಿಯಾಗಬೇಕು, ಅವನ ಲೆಕ್ಕ ಅದು. ರಸ ನೀರಿನಂತೆ ಬೆರಳ ಸಂದಿಯಲ್ಲಿ ಹರಿದು ನೆಲಕ್ಕೆ ಬಿತ್ತು. ಆಮೇಲೆ "ಎದ್ದು ಆ ಬಾಗ್ಲುಗಂಟ ಓಗಿ ಬಾರಪ್ಪ" ಎಂದ. ಸಿದ್ದರಾಮು ಹೋದ. ಬಾಗಿಲ ಹತ್ತಿರ ತಿರುಗಲು ಹತ್ತು ಹನ್ನೆರಡು ಪುಟ್ಟ ಹೆಜ್ಜೆ ಇಟ್ಟ, ಆದರೂ ಬೀಳುವಂತಾದ.

"ಇದು ಮದ್ದಲ್ಲ ಕನವ್ವ" ಎಂದ ದ್ಯಾವಯ್ಯ. "ಮದ್ದು ತಿಂದೋರ ಕಾಲು ಇಂಗೆ ನೆಲುಕ್ಕೆ ಅಂಟ್ಕಳಕಿಲ್ಲ. ತಲೆಗೇನಾರ ಏಟು ಬಿದ್ದಿತ್ತಾ?"

"ಬಿದ್ದಿತ್ತು, ಅದೆಲ್ಲ ವಾಸಿ ಆಯ್ತು."

"ವಾಸಿ ಆಗಿಲ್ಲ. ದೊಡ್ಡಾಸ್ಪತ್ರೆಗೆ ಕರ್ಕಂಡು ಓಗು. ನನ್ತಾವ ಇದಕ್ಕೆ ಏನೂ ಇಲ್ಲ."

ಬೇರೆ ಯಾರೇ ಆಗಿದ್ದರೂ ಅಲ್ಲಿಂದ ನೆಟ್ಟಗೆ ಮೈಸೂರಿಗೆ ಹೋಗುತ್ತಿದ್ದರು. ಆದರೆ ಇಂದ್ರಮ್ಮನ ಕಿವಿಗೆ ಬಿದ್ದದ್ದು ಒಂದೇ ಮಾತು, ಇದು ಮದ್ದಲ್ಲ. ಹಾಗಾದರೆ ಇವನು ತನ್ನ ಸ್ವಂತ ಬುದ್ಧಿಯಿಂದ, ಬೇಕೆಂದೇ ಆ ಉಮಳ ಹತ್ತಿರ ಹೋಗುತ್ತಿದ್ದಾನೆ! ಬಸ್ಸಿನಲ್ಲಿ ವಾಪಸು ಬರುವಾಗ ಅವನು ಅವಳ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋದ. ಅವಳು ಆ ತಲೆಯನ್ನು ಎತ್ತಿ ಕಿಟಕಿಯ ಕಂಬಿಗೆ ಒರಗಿಸಿದಳು.

ಮಾರನೆಯ ಬೆಳಿಗ್ಗೆ ಅವನು ಕ್ಯಾನು ಹಿಡಿದು ಹೊರಟಾಗ ಅವಳೂ ಹಿಂದೆಯೇ ಹೋದಳು. ಡೈರಿಯ ಮುಂದೆ ಇಪ್ಪತ್ತು ಜನರ ಸಾಲು ನಿಂತಿತ್ತು. ಸಿದ್ದರಾಮು ಮೂರು ಮೆಟ್ಟಿಲು ಹತ್ತಿ ಹಾಲು ಅಳೆಸುತ್ತಿದ್ದಾಗ ಇಂದ್ರಮ್ಮ ಕೆಳಗೆ ನಿಂತು ಬಾಯಿ ತೆಗೆದಳು.

"ಏನೇ ಉಮಿ, ಕಟ್ಕಂಡ ಗಂಡನ್ನ ಬುಟ್ಟು ಬಂದು ಊರೋರ ಗಂಡಂದಿರ ಪಂಚೆ ಬಿಚ್ಚಿಸ್ತಿದ್ದೀಯಲ್ಲೇ! ಐದು ಸಲ ಕನ್ರಪ್ಪೋ, ಐದು ಸಲ ಬೇರೆ ಪಂಚೇಲಿ ಮನೆಗೆ ಬಂದವ್ನೆ. ಒಗ್ದು ಮಡಿಸಿ ಕಳಿಸ್ತಾಳೆ, ಪತಿವ್ರತೆ! ಕೇಳ್ರಿ ಅವಳ್ನ, ಯಾಕೆ ಅಂತ ಬಾಯ್ಬುಡ್ಲಿ!"

ಸಾಲಿನಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಉಮಳ ಮುಖ ಬಿಳಿಚಿಕೊಂಡಿತು. ಅವಳು ಬಾಯಿ ತೆರೆದಳು, ಒಮ್ಮೆ ಸಿದ್ದರಾಮುವನ್ನು ನೋಡಿದಳು, ಮತ್ತೆ ಮುಚ್ಚಿಕೊಂಡಳು. ಹೆಂಡತಿಯ ದನಿ ಕೇಳಿ ಸಿದ್ದರಾಮು ಗಾಬರಿಯಿಂದ ಹಿಂದಕ್ಕೆ ತಿರುಗಲು ನೋಡಿದ. ಮೈ ತಿರುಗಿತು, ಕಾಲು ತಿರುಗಲಿಲ್ಲ. ಮೆಟ್ಟಿಲ ಮೇಲೆ ಕುಸಿದು ಕೂತ. ಇಂದ್ರಮ್ಮ ಅವನಿಗೆ ಎಲ್ಲರಿಗಿಂತ ಹತ್ತಿರದಲ್ಲಿದ್ದಳು. ಅವನ ಪಂಚೆ ತೊಡೆಯ ಹತ್ತಿರ ಒದ್ದೆಯಾಗಿ, ಆ ಒದ್ದೆ ಮೊಣಕಾಲಿನವರೆಗೆ ಹರಡುವುದು ಅವಳಿಗೆ ಕಾಣಿಸಿತು. ಅದು ಬೇರೆಯವರಿಗೆ ಕಾಣುವ ಮೊದಲೇ ಉಮ ಕ್ಯಾನು ತೊಳೆಯುವ ಬಕೀಟನ್ನು ಕಾಲಿನಿಂದ ಒದ್ದಳು. ಬಕೀಟಿನ ನೀರೆಲ್ಲ ಅವನ ಮೇಲೆ, ಮೆಟ್ಟಿಲ ಮೇಲೆ, ಇಂದ್ರಮ್ಮನ ಸೀರೆಯ ಮೇಲೆ ಸುರಿಯಿತು. "ಅಯ್ಯೋ ಬಿದ್ದೋಯ್ತು" ಎಂದು ಉಮ ಜೋರಾಗಿ ಹೇಳಿದಳು.

ಇಬ್ಬರೂ ಸೇರಿ ಅವನನ್ನು ಒಳಗಿನ ಕೋಣೆಗೆ ಕರೆದೊಯ್ದರು.

"ಇದು ಆರ್ನೇ ಸಲ ಅಕ್ಕ" ಎಂದಳು ಉಮ ಮೆಲ್ಲಗೆ. ಕಪಾಟಿನಿಂದ ಹಸಿರು ಅಂಚಿನ ಪಂಚೆ ತೆಗೆದುಕೊಟ್ಟಳು. "ನಮ್ಮಪ್ಪಂದು ಇದು, ತೀರೋದ ಮ್ಯಾಲೆ ಅಂಗೇ ಇತ್ತು. ಮೊದ್ಲು ಸಲ ಆದಾಗ ಅಣ್ಣ ಮಗು ಅತ್ತಂಗೆ ಅತ್ರು. ಯಾರ್ಗೂ ಏಳ್ಬ್ಯಾಡ, ಇಂದ್ರಂಗಂತೂ ಏಳ್ಲೇಬ್ಯಾಡ ಅಂತ ಕೈ ಮುಗುದ್ರು. ನಾನು ಏಳ್ಬೇಕಾಗಿತ್ತೋ ಏನೋ."

ಗಂಡನಿಗೆ ಏನೋ ದೊಡ್ಡ ಕಾಯಿಲೆ ಎಂದು ಹೆದರಬೇಕಾದ ಹೊತ್ತಿನಲ್ಲೂ ಇಂದ್ರಮ್ಮನ ಹೊಟ್ಟೆಯೊಳಗೆ ಮೊದಲು ಹತ್ತಿದ್ದು ಕಿಚ್ಚೇ. ಹದಿನೆಂಟು ವರ್ಷ ಜೊತೆಗೆ ಮಲಗಿದವಳಿಗೆ ಹೇಳಬಾರದ ನಾಚಿಕೆಯನ್ನು ಇವಳಿಗೆ ಹೇಳಿದ್ದಾನೆ. ಇವಳ ಮುಂದೆ ಅತ್ತಿದ್ದಾನೆ. ಅವಳು ಆ ಪಂಚೆಯನ್ನು ಕಿತ್ತುಕೊಂಡವಳಂತೆ ಇಸಿದುಕೊಂಡು ತಾನೇ ಉಡಿಸಿದಳು.

ಅದೇ ದಿನ ಪಾಂಡವಪುರಕ್ಕೆ ಹೋಗಿ, ಶ್ರೀರಂಗಪಟ್ಟಣದ ಮೇಲೆ ಹೋಗುವ ಬಸ್ಸು ಹಿಡಿದು ಮೈಸೂರಿಗೆ ಹೋದರು. ತಲೆಯ ಡಾಕ್ಟರು ಒಬ್ಬ ಹೆಂಗಸು, ಚಿಕ್ಕ ವಯಸ್ಸಿನವರು. ಅವರು ಸಿದ್ದರಾಮುವಿನ ಎರಡೂ ಕೈ ಹಿಡಿದುಕೊಂಡು ನಡೆಸಿ ನೋಡಿದಾಗ ಇಂದ್ರಮ್ಮನಿಗೆ ಅದೂ ಸರಿಬರಲಿಲ್ಲ.

"ನಡಿಗೆ ಯಾವಾಗಿಂದ ಹೀಗಾಯ್ತು, ಅಂದಾಜು ಹೇಳ್ತೀರಾ?" ಎಂದು ಡಾಕ್ಟರು ಕೇಳಿದರು.

ಅಂದಾಜೇನು ಬಂತು! ಇಂದ್ರಮ್ಮ ಶುರು ಮಾಡಿದಳು. ಆಷಾಢದ ಮೊದಲನೇ ವಾರ ಅರ್ಧ ಗಂಟೆ ತಡ, ಶ್ರಾವಣಕ್ಕೆ ಮುಕ್ಕಾಲು ಗಂಟೆ, ದಸರೆ ಹೊತ್ತಿಗೆ ಒಂದು ಗಂಟೆ. ಆಷಾಢದ ಏಕಾದಶಿಯ ಮಾರನೇ ದಿನದಿಂದ ಬೈದರೆ ತಿರುಗಿ ಬೈಯುವುದಿಲ್ಲ. ಭೀಮನ ಅಮಾವಾಸ್ಯೆ ದಿನ ತನ್ನನ್ನು ಬೇರೆಯವರ ಹೆಸರಿನಿಂದ ಕರೆದ. ಪಂಚೆ ಒದ್ದೆಯಾದದ್ದು ಮೊದಲು ಶ್ರಾವಣದ ಎರಡನೇ ಶುಕ್ರವಾರ ಬೆಳಿಗ್ಗೆ, ಆಮೇಲೆ ಗೌರಿ ಹಬ್ಬದ ಹಿಂದಿನ ದಿನ... ಡಾಕ್ಟರು ಬರೆದುಕೊಳ್ಳುತ್ತಾ ಬರೆದುಕೊಳ್ಳುತ್ತಾ ತಲೆಯೆತ್ತಿ ನೋಡಿದರು.

"ಇಷ್ಟು ಸರಿಯಾಗಿ ಯಾರೂ ಹೇಳಲ್ಲಮ್ಮ. ಗಂಡನ್ನ ತುಂಬ ಚೆನ್ನಾಗಿ ನೋಡ್ಕೊಂಡಿದೀರ."

ಇಂದ್ರಮ್ಮ ನೆಲ ನೋಡಿದಳು.

"ನಡಿಗೆ, ಮರೆವು, ಮೂತ್ರ ಹಿಡಿಯೋಕಾಗದೆ ಇರೋದು. ಇವು ಮೂರು ಬೇರೆ ಬೇರೆ ಕಾಯಿಲೆ ಅಲ್ಲ, ಒಂದೇ" ಎಂದರು ಡಾಕ್ಟರು. ಸ್ಕ್ಯಾನು ಮಾಡಿಸಿದ ಮೇಲೆ ಆ ಕಪ್ಪು ಹಾಳೆಯನ್ನು ಬೆಳಕಿಗೆ ಹಿಡಿದು ತೋರಿಸಿದರು. "ತಲೆಯೊಳಗೆ ದಿನಾ ನೀರು ಊರುತ್ತೆ, ದಿನಾ ಇಂಗುತ್ತೆ. ಅವತ್ತು ಬಿದ್ದಾಗ ರಕ್ತ ಆಗಿತ್ತಲ್ಲ, ಅದರಿಂದ ಇಂಗೋ ದಾರಿ ಕಟ್ಕೊಂಡಿದೆ. ಊರಿದ್ದೆಲ್ಲ ಒಳಗೇ ನಿಂತು ಮೆದುಳನ್ನ ಒತ್ತುತ್ತಾ ಇದೆ."

"ತೂಬು ಕಟ್ಕಂಡು ಗದ್ದೇಲಿ ನೀರು ನಿಂತಂಗಾ?"

"ಹಾಗೇ. ಪೆಟ್ಟು ಬಿದ್ದು ಎಷ್ಟೋ ತಿಂಗಳಾದ ಮೇಲೂ ಇದು ಬರಬಹುದು. ಗಾಯ ಒಣಗಿದೆ ಅಂತ ಯಾರಿಗೂ ಹೊಳೆಯಲ್ಲ. ಸೋಮಾರಿ ಅಂತಾರೆ, ತಲೆ ಕೆಟ್ಟಿದೆ ಅಂತಾರೆ, ಏನೇನೋ ಅಂದ್ಕೋತಾರೆ. ಒಂದು ಸಣ್ಣ ಪೈಪು ಹಾಕಿ, ಆ ನೀರು ಹೊಟ್ಟೆಗೆ ಇಳಿಯೋ ಹಾಗೆ ಮಾಡ್ತೀವಿ. ಎಲ್ಲ ಮೊದಲಿನ ಹಾಗೇ ಆಗುತ್ತೆ ಅಂತ ಮಾತು ಕೊಡಲ್ಲ. ಇನ್ನೂ ತಡ ಮಾಡಿದ್ರೆ ಇದೂ ಸಿಗ್ತಿರಲಿಲ್ಲ."

ಏನೇನೋ ಅಂದುಕೊಳ್ಳುವವರಲ್ಲಿ ತಾನೂ ಒಬ್ಬಳು ಎಂಬುದನ್ನು ಇಂದ್ರಮ್ಮ ಬಾಯಿಬಿಟ್ಟು ಹೇಳಲಿಲ್ಲ.

ಆಪರೇಷನ್ ಆದ ಐದನೇ ದಿನ ಸಿದ್ದರಾಮು ಮಂಚದಿಂದ ಇಳಿದು ಕಿಟಕಿಯವರೆಗೆ ಕಾಲು ಎತ್ತಿಟ್ಟು ನಡೆದ. ಒಂಬತ್ತನೇ ದಿನ, ಅವಳು ಕೊಟ್ಟ ಕಾಫಿ ಕುಡಿದು ಮುಖ ಸಿಂಡರಿಸಿದ. "ಇದೇನೇ, ಕಲಗಚ್ಚು ಇದ್ದಂಗದೆ. ಸಕ್ರೆ ಏನು ನಿಮ್ಮಪ್ಪನ ಮನೆಗೆ ಕಳಿಸ್ಬುಟ್ಟಾ?" ಎಂದ. ಇಂದ್ರಮ್ಮ ಲೋಟ ಹಿಡಿದುಕೊಂಡೇ ಗೊಳೋ ಎಂದು ಅತ್ತಳು. ತನ್ನ ಗಂಡ ವಾಪಸು ಬಂದಿದ್ದ. ಬಂದವನ ನೆನಪಿನಲ್ಲಿ ಆಷಾಢದಿಂದ ಈಚೆಗಿನದು ಮಾತ್ರ ಬಹುಪಾಲು ಅಳಿಸಿಹೋಗಿತ್ತು.

ದೀಪಾವಳಿ ಕಳೆದು ಊರಿಗೆ ಬಂದರು. ಊರು ಏನನ್ನೂ ಮರೆತಿರಲಿಲ್ಲ. ಉಮಳ ಬಕೀಟು ನಿಜವನ್ನು ಚೆನ್ನಾಗಿಯೇ ತೊಳೆದುಹಾಕಿತ್ತು, ಆದ್ದರಿಂದ ಉಳಿದದ್ದು ಇಂದ್ರಮ್ಮನ ಬೈಗುಳವೊಂದೇ. ಡೈರಿಯ ಅಧ್ಯಕ್ಷ ದಾಸಯ್ಯ, ಇಂಥ ಮಾತು ಬಂದ ಮೇಲೆ ಆ ಹುಡುಗಿಯನ್ನು ಇಟ್ಟುಕೊಳ್ಳುವುದು ಸರಿಯಲ್ಲ, ಸಂಕ್ರಾಂತಿಗೆ ಬೇರೆಯವರನ್ನು ನೋಡೋಣ ಎಂದಿದ್ದ. ಉಮ ತಲೆಗೆ ಹೂ ಮುಡಿಯುವುದನ್ನು ಬಿಟ್ಟಿದ್ದಳು. ಇಂದ್ರಮ್ಮನಿಗೆ ಇದೆಲ್ಲ ಗೊತ್ತಿತ್ತು. ಬಾಯಿಬಿಟ್ಟರೆ ಗಂಡನ ಮಾನ ಹೋಗುತ್ತದಲ್ಲ ಎಂದು ತನಗೆ ತಾನೇ ಹೇಳಿಕೊಂಡು ಸುಮ್ಮನಿದ್ದಳು. ಅದು ಅರ್ಧ ನಿಜ. ಉಮ ಆ ಡೈರಿ ಬಿಟ್ಟು ಎಲ್ಲಾದರೂ ಹೋದರೆ ಹೋಗಲಿ ಎಂಬ ಆಸೆ ಇನ್ನರ್ಧ. ಗಂಡನ ಗುಟ್ಟು ಕಾದವಳನ್ನು ದಿನಾ ಎರಡು ಹೊತ್ತು ಗಂಡನ ಕಣ್ಣ ಮುಂದೆ ನಿಲ್ಲಿಸುವಷ್ಟು ದೊಡ್ಡ ಮನಸ್ಸು ಅವಳಿಗೆ ಇರಲಿಲ್ಲ.

ಒಂದು ಮಧ್ಯಾಹ್ನ ಅವಳು ಅವರೆಕಾಯಿ ಸುಲಿಯುತ್ತಿದ್ದಾಗ ಸಿದ್ದರಾಮು ಹೋಟೆಲಿನಿಂದ ಬಂದು ಎದುರಿಗೆ ಕೂತ.

"ಕೆಂಪಣ್ಣ ಟೀ ಕೊಡ್ತಾ, ಇನ್ಮೇಲೂ ಡೈರೀಲಿ ಪಂಚೆ ಬದ್ಲಾಯಿಸ್ತೀಯೇನ್ಲಾ ಅಂದ. ಎಲ್ರೂ ನಕ್ರು. ಏನೇ ಅದು? ನಂಗೊಂದೂ ಗ್ಯಾನ ಇಲ್ಲ."

ತಮಾಷೆಗೆ ಅಂದಿರಬೇಕು ಬುಡು ಎನ್ನಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಅವನು ಮೊದಲಿನ ಸಿದ್ದರಾಮುವಿನ ಹಾಗೆ, ಉತ್ತರ ಬರುವವರೆಗೆ ಏಳುವುದಿಲ್ಲ ಎಂದು ನೋಡುತ್ತಿದ್ದ. ಇಂದ್ರಮ್ಮ ಕಾಯಿ ಸುಲಿಯುತ್ತಲೇ ಎಲ್ಲ ಹೇಳಿದಳು. ಒದ್ದೆ ಪಂಚೆ, ಹಸಿರು ಅಂಚು, ದ್ಯಾವಯ್ಯ, ಸಾಲಿನ ಮುಂದೆ ತಾನು ಬೈದದ್ದು, ಬಕೀಟು, ದಾಸಯ್ಯನ ಮಾತು, ಎಲ್ಲ. ಅವನ ಮುಖ ಸಣ್ಣದಾಗುತ್ತಾ ಹೋಯಿತು.

"ಎಷ್ಟು ಸಲ?"

"ಆರು."

"ನಿಂಗ್ಯಾಕೆ ಏಳ್ಲಿಲ್ಲ ನಾನು?"

"ಅದ್ನ ನಾನು ಕೇಳ್ಬೇಕು ನಿನ್ನ."

ಅವನು ಒಂದು ಅವರೆಕಾಯಿ ಎತ್ತಿಕೊಂಡು ಸುಲಿದ. "ಏಳಿದ್ರೂ ನೀನು ನಂಬಾಕಿಲ್ಲ ಅನ್ನಿಸಿರ್ಬೇಕು" ಎಂದ. ಕೋಪದಿಂದ ಹೇಳಲಿಲ್ಲ.

ಮಾರನೆಯ ಬೆಳಿಗ್ಗೆ ಅವನು ಕ್ಯಾನು ಹಿಡಿದು ಹೊರಟ. ಅವಳೂ ಹೋದಳು. ಸಾಲಿನಲ್ಲಿ ಅವತ್ತಿನ ಹಾಗೇ ಜನವಿತ್ತು, ದಾಸಯ್ಯನೂ ಇದ್ದ. ಸಿದ್ದರಾಮು ಮೆಟ್ಟಿಲ ಮೇಲೆ ಕ್ಯಾನಿಟ್ಟು ಜನರ ಕಡೆ ತಿರುಗಿದ.

"ಎಲ್ರೂ ವಸಿ ಕೇಳ್ರಪ್ಪ. ತಲೇಲಿ ನೀರು ತುಂಬ್ಕಂಡು ನಂಗೆ ಉಚ್ಚೆ ಮ್ಯಾಲೆ ಇಡ್ತ ಇರ್ನಿಲ್ಲ. ಈ ಡೈರಿ ತಾವ ಆರು ಸಲ ಪಂಚೇಲೇ ಉಯ್ಕಂಡಿವ್ನಿ. ಈ ಉಮ ನನ್ನ ಮರ್ವಾದೆ ಕಳೀಬಾರ್ದು ಅಂತ ಅವ್ರಪ್ಪನ ಪಂಚೆ ಉಡಿಸಿ, ನನ್ನ ಒಲಸು ಒಗ್ದು ಕಳಿಸವ್ಳೆ. ತನ್ನ ಮರ್ವಾದೆ ಓದ್ರೂ ಬಾಯ್ಬುಡ್ನಿಲ್ಲ. ನಗಾದಾದ್ರೆ ನನ್ನ ನೋಡಿ ನಗ್ರಿ. ಅವಳ್ನ ಏನಾರ ಅಂದ್ರೆ ನಾನು ಸುಮ್ಕಿರಾಕಿಲ್ಲ."

ಯಾರೂ ನಗಲಿಲ್ಲ. ದಾಸಯ್ಯ ತನ್ನ ಕ್ಯಾನಿನ ಮುಚ್ಚಳವನ್ನು ಸುಮ್ಮಸುಮ್ಮನೆ ತೆಗೆದು ಹಾಕಿದ. ಉಮ ಅಳತೆಯ ಮೇಲೆ ತಲೆ ತಗ್ಗಿಸಿಕೊಂಡು ಅಳುತ್ತಿದ್ದಳು.

ಇಂದ್ರಮ್ಮ ಕೆಳಗೆ ನಿಂತಿದ್ದಳು. ಹದಿನೆಂಟು ವರ್ಷದಲ್ಲಿ ನಾಲ್ಕು ಜನರ ಮುಂದೆ ತನ್ನ ಪರವಾಗಿ ಒಂದು ಮಾತು ಆಡದ ಗಂಡ ಇವಳಿಗಾಗಿ ಊರ ಮುಂದೆ ತನ್ನ ಮಾನವನ್ನೇ ಬಿಚ್ಚಿಟ್ಟಿದ್ದ. ಇಷ್ಟು ದಿನ ಇಲ್ಲದ ಕಾರಣ ಕಟ್ಟಿಕೊಂಡು ಉರಿದಿದ್ದಳು. ಈಗ ಇರುವ ಕಾರಣಕ್ಕೇ ಉರಿಯುತ್ತಿತ್ತು, ಹಿಂದೆಂದೂ ಇಲ್ಲದಷ್ಟು. ಆ ಉರಿಯನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಅವಳು ಸಾಲು ಬಿಟ್ಟು ಮುಂದೆ ಬಂದು, ಗಂಡನ ಪಕ್ಕದ ಮೆಟ್ಟಿಲು ಹತ್ತಿದಳು.

"ಅವತ್ತು ಬಾಯಿಗೆ ಬಂದಂಗೆ ಬೈದೋಳು ನಾನು. ಉಮಂದು ಏನೂ ತಪ್ಪಿಲ್ಲ" ಎಂದಳು.

ಆ ಹೆಸರನ್ನು ಬೈಗುಳ ಸೇರಿಸದೆ ಅವಳು ಆಡಿದ್ದು ಅದೇ ಮೊದಲು.